ಇಡುವಾಗಲೇ ಹುಡುಕಿದವರು

ನಮ್ಮ ಆಫೀಸಿನಲ್ಲಿ ‘ಎಲ್ಲಾ’ ಅನ್ನುವ ಮಾತಿಗೆ ನಿಷೇಧವಿತ್ತು. ಬೋರ್ಡು ಹಾಕಿರಲಿಲ್ಲ, ಸುತ್ತೋಲೆ ಹೊರಡಿಸಿರಲಿಲ್ಲ. ಯಾರಾದರೂ ಬಾಯಿತಪ್ಪಿ “ಸಾರ್, ಎಲ್ಲಾ ತೋರ್ಸಿ” ಎಂದರೆ ಸಾರ್ ಬಲಗೈ ಎತ್ತುತ್ತಿದ್ದರು, ಟ್ರಾಫಿಕ್ ಪೊಲೀಸರು ಗಾಡಿ ನಿಲ್ಲಿಸುವ ಹಾಗೆ. “ಎಲ್ಲಾ ಯಾಕಮ್ಮ? ಯಾವ್ದು ಬೇಕು ಹೇಳು.” ಕೇಳಿದವರು ತಮಗೆ ಬೇಕಾದದ್ದು ಯಾವುದೆಂದು ಅಲ್ಲೇ ನಿಂತು ಯೋಚಿಸಬೇಕಾಗುತ್ತಿತ್ತು. ಸಾಮಾನ್ಯವಾಗಿ ಅವರಿಗೆ ಬೇಕಾಗಿರುತ್ತಿದ್ದದ್ದು ಒಂದೇ ಒಂದು ಫೋನ್ ನಂಬರು.

ಕಳೆದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನನ್ನ ಕೈಗೂ ಮೈಕು ಕೊಟ್ಟರು. ಎರಡು ವಾಕ್ಯ ಹೇಳಿ ಮೈಕು ವಾಪಸು ಕೊಟ್ಟು ಕೂತುಬಿಟ್ಟೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಯಾರಾದರೂ ಅವರಿಗೆ ಓದಿ ಹೇಳುತ್ತಾರೆ, ಅರ್ಧ ಗಂಟೆಯೊಳಗೆ ನನಗೆ ಫೋನು ಬರುತ್ತದೆ, ಮೂರನೇ ಪ್ಯಾರಾದಲ್ಲಿ ಒಂದು ತಪ್ಪಿದೆ ಎಂದು.

ಸಾರ್‌ಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರಾಗಿಯೇ ಹೇಳುವವರಲ್ಲ. ಚಾಮರಾಜಪೇಟೆಯ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನಮ್ಮ ಸಂಸ್ಥೆಗೆ ಎರಡು ಕೋಣೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಪಕ್ಕದಲ್ಲಿ ಕೂತು, ಅವರು ಹೇಳಿದ್ದನ್ನು ಬರೆದುಕೊಡುವವರನ್ನು ಹುಡುಕಿ ಕಳಿಸುವುದು ನಮ್ಮ ಕೆಲಸ. ಬರಹಗಾರರು ಎಂದು ಅವರನ್ನು ಕರೆಯುತ್ತೇವೆ. ಗೃಹಿಣಿಯರು, ನಿವೃತ್ತ ಗುಮಾಸ್ತರು, ಅಂಗಡಿಯವರು, ಹೀಗೆ ಬಿಡುವಿದ್ದವರು ಅರ್ಜಿ ತುಂಬಿಕೊಡುತ್ತಾರೆ. ಯಾವ ಬಡಾವಣೆಯವರು, ಯಾವ ಭಾಷೆ ಬರೆಯಬಲ್ಲರು, ಯಾವ ದಿನ ಬಿಡುವು ಎಂಬುದನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತೇವೆ. ಆ ಕಂಪ್ಯೂಟರಿನ ವ್ಯವಸ್ಥೆಯನ್ನು ಮೊದಲಿನಿಂದ ಕಟ್ಟಿದವರು ಸಾರ್.

ಅವರ ಕಂಪ್ಯೂಟರು ಮಾತಾಡುತ್ತದೆ. ಪರದೆಯ ಮೇಲೆ ಬಂದದ್ದನ್ನೆಲ್ಲ ಅವರ ಕಿವಿಯೊಳಗೆ ಓದುತ್ತದೆ. ನಾವು ಸಾವಿರ ಸಾಲಿನ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತೇವೆ. ಅವರು ಸಾವಿರವನ್ನೂ ಕೇಳಿಸಿಕೊಳ್ಳಬೇಕು. ‘ಎಲ್ಲಾ’ ಅನ್ನುವ ಮಾತಿನ ತೂಕ ಎಷ್ಟೆಂದು ಅವರಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರ ನನ್ನನ್ನು ಬಸವನಗುಡಿಯ ಒಂದು ಹೋಟೆಲಿಗೆ ತಿಂಡಿಗೆ ಕರೆದುಕೊಂಡು ಹೋದರು. ಕೂತು ತಿನ್ನುವ ಹಳೆಯ ಹೋಟೆಲು, ಮೆನು ಕಾರ್ಡಿಲ್ಲ. ಸಪ್ಲಯರ್ ಬಂದು ನಿಂತು ಒಂದೇ ಉಸಿರಿನಲ್ಲಿ ಶುರು ಮಾಡಿದ: “ಇಡ್ಲಿ ವಡೆ ಖಾರಾಬಾತ್ ಕೇಸರಿಬಾತ್ ಖಾಲಿದೋಸೆ ಮಸಾಲೆದೋಸೆ...”

ಸಾರ್ ಕೈ ಎತ್ತಿದರು. “ನಿಲ್ಸಿ. ಮೂರು ಹೇಳಿ. ಆಮೇಲೆ ಆ ಟೇಬಲ್‌ಗೆ ಕಾಫಿ ಕೊಟ್ಬನ್ನಿ, ಅವ್ರು ಆಗ್ಲಿಂದ ಲೋಟ ಕುಟ್ತಿದಾರೆ.”

ಅವನು ಮೂರು ಹೇಳಿ ಹೋದ, ಕಾಫಿ ಕೊಟ್ಟು ಬಂದ. “ಎಲ್ಲೀ ತನಕ ಹೇಳಿದ್ದೆ ಸಾರ್?”

“ಖಾರಾಬಾತ್ ತನಕ.”

“ಕೇಸರಿಬಾತ್, ಖಾಲಿದೋಸೆ, ಮಸಾಲೆದೋಸೆ.” ಮತ್ತೆ ಹೋದ, ಇನ್ನೊಂದು ಟೇಬಲು ಒರೆಸಿ ಬಂದ. ಹೀಗೆ ನಾಲ್ಕು ಸುತ್ತಿನಲ್ಲಿ ಪಟ್ಟಿ ಮುಗಿಯಿತು. ಕೊನೆಯ ಸುತ್ತಿನಲ್ಲಿ ಖಾರಾಬಾತ್ ಮತ್ತೊಮ್ಮೆ ಬಂತು. ಸಪ್ಲಯರ್ ನಾಲಿಗೆ ಕಚ್ಚಿಕೊಂಡ.

“ಎರಡು ಸಲ ಹೇಳಿದ್ರೂ ಪರ್ವಾಗಿಲ್ಲ ಕಣ್ರೀ,” ಎಂದರು ಸಾರ್. “ಒಂದನ್ನೂ ಬಿಡ್ಬಾರ್ದು, ಅಷ್ಟೇ.”

ಇಷ್ಟೆಲ್ಲ ಆದ ಮೇಲೆ ಅವರು ತರಿಸಿಕೊಂಡದ್ದು ಎರಡು ಇಡ್ಲಿ. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಚಟ್ನಿಯಲ್ಲಿ ಇಡ್ಲಿ ಮುರಿಯುತ್ತ ನಮ್ಮ ಡೇಟಾಬೇಸಿನ ಪಾಠ ಮಾಡಿದರು.

ನಮ್ಮದು ಬಹಳ ಸರಳವಾದ ಡೇಟಾಬೇಸು. ಒಂದು ಹೆಸರು, ಆ ಹೆಸರಿನಡಿ ಒಂದು ವಿವರ. ಆ ಹೆಸರಿಗೆ ಕೀ ಎನ್ನುತ್ತಾರೆ. ಬರಹಗಾರ, ಬಡಾವಣೆ, ಭಾಷೆ, ಅವರ ಹೆಸರು, ಇಷ್ಟನ್ನೂ ಸಾಲಾಗಿ ಪೋಣಿಸಿದರೆ ಒಂದು ಕೀ. ಪೂರ್ತಿ ಕೀ ಹೇಳಿದರೆ ವಿವರ ತಕ್ಷಣ ಬರುತ್ತದೆ. ಆದರೆ ಅರ್ಧ ಮಾತ್ರ ಗೊತ್ತಿದ್ದರೆ, ಉಳಿದ ಜಾಗಕ್ಕೆ ನಕ್ಷತ್ರದ ಗುರುತು ಹಾಕಿ “ಈ ಥರ ಇರೋವೆಲ್ಲ ಕೊಡು” ಎಂದು ಕೇಳಿದರೆ, ಅದು ತನ್ನಲ್ಲಿರುವ ಒಂದೊಂದು ಕೀಯನ್ನೂ ಎತ್ತಿ ನೋಡುತ್ತದೆ. ನೋಡಿ ಮುಗಿಸುವ ತನಕ ಬೇರೆ ಯಾರ ಮಾತನ್ನೂ ಕೇಳುವುದಿಲ್ಲ.

“ಒಬ್ನೇ ಸಪ್ಲಯರ್ರು,” ಎಂದರು ಸಾರ್. “ನೀನು ಪಟ್ಟಿ ಪೂರ್ತಿ ಹೇಳಿಸ್ಕೊಳ್ತಾ ಕೂತ್ರೆ ಹೋಟೆಲ್ಲೇ ನಿಂತ್ಹೋಗತ್ತೆ. ಹಿಡಿ ಹಿಡಿಯಾಗಿ ಕೇಳು. ಎಲ್ಲೀವರ್ಗೂ ಬಂತು ಅಂತ ನೀನು ನೆನಪಿಟ್ಕೋ.”

“ಹಾಗಾದ್ರೆ ಬೇಗ ಸಿಗತ್ತಾ ಸಾರ್?”

“ಇಲ್ಲ. ನಡಿಯೋ ದಾರಿ ಅಷ್ಟೇ ಇರತ್ತೆ. ಮಿಕ್ಕವ್ರಿಗೆ ತೊಂದ್ರೆ ಆಗಲ್ಲ, ಅಷ್ಟೇ. ಬೇಗ ಬೇಕು ಅಂದ್ರೆ ಇಡೋವಾಗ್ಲೇ ಹುಡುಕಿಡ್ಬೇಕು.”

ಇಡುವಾಗಲೇ ಹುಡುಕುವುದು ಎಂದರೇನೆಂದು ಮಲ್ಲೇಶ್ವರದ ಅವರ ಮನೆಗೆ ಹೋದ ದಿನ ತಿಳಿಯಿತು. ಅಡುಗೆಮನೆಯ ಸ್ಟೀಲ್ ಡಬ್ಬಿಗಳಿಗೆ ರಬ್ಬರ್ ಬ್ಯಾಂಡು. ಸಕ್ಕರೆಗೆ ಒಂದು, ಕಾಫಿಪುಡಿಗೆ ಎರಡು, ತೊಗರಿಬೇಳೆಗೆ ಮೂರು. ಅಂಗಡಿಯಿಂದ ತಂದ ಸಾಮಾನು ಡಬ್ಬಿಗೆ ಸೇರುವ ಮೊದಲೇ ಬ್ಯಾಂಡು ಬೀಳುತ್ತಿತ್ತು. ಅವರ ಹೆಂಡತಿಗೆ ಕಣ್ಣು ಕಾಣುತ್ತದೆ. “ಮದ್ವೆ ಆದ ಹೊಸತ್ರಲ್ಲಿ ನಾನು ಒಂದ್ಸಲ ಬ್ಯಾಂಡ್ ಹಾಕೋಕೆ ಮರ್ತೆ ನೋಡಿ, ಇವ್ರು ಕಾಫಿಗೆ ಉಪ್ಪು ಹಾಕ್ಕೊಂಡು ಕುಡಿದ್ರು. ಒಂದು ಮಾತಾಡ್ಲಿಲ್ಲ. ಕುಡಿದು ಮುಗಿಸಿ, ಎದ್ದು ಹೋಗಿ, ಡಬ್ಬಿಗೆ ಬ್ಯಾಂಡ್ ಹಾಕಿ ಬಂದ್ರು,” ಎಂದರು ಆಕೆ.

ಡೇಟಾಬೇಸಿನಲ್ಲೂ ಅದೇ ಕ್ರಮ. ಹೊಸ ಬರಹಗಾರರ ಕೀ ಒಳಗಿಡುವಾಗಲೇ ಅದನ್ನು ಎರಡು ಪಟ್ಟಿಗಳಿಗೂ ಸೇರಿಸಬೇಕು: ಅವರ ಬಡಾವಣೆಯ ಪಟ್ಟಿ, ಅವರ ಭಾಷೆಯ ಪಟ್ಟಿ. ಆಮೇಲೆ ಚಾಮರಾಜಪೇಟೆಯಲ್ಲಿ ಕನ್ನಡ ಬರೆಯುವವರು ಯಾರೆಂದರೆ ಎರಡು ಪಟ್ಟಿಗಳಲ್ಲೂ ಇರುವ ಹೆಸರು ಥಟ್ಟನೆ ಬರುತ್ತದೆ. ಯಾರನ್ನೂ ನಿಲ್ಲಿಸಬೇಕಾಗಿಲ್ಲ, ಏನನ್ನೂ ಜಾಲಾಡಬೇಕಾಗಿಲ್ಲ.

ಆ ಕೆಲಸವನ್ನು ಸಾರ್ ನನಗೆ ವಹಿಸಿದರು. ನಮ್ಮಲ್ಲಿ ಕೆಲಸಕ್ಕೆ ಸೇರಿದವರೂ ಬರಹಗಾರರ ಅರ್ಜಿ ತುಂಬಬೇಕು. ಹಾಗಾಗಿ ನಾನು ಒಳಗಿಟ್ಟ ಮೊದಲ ಕೀ ನನ್ನದೇ: ಬರಹಗಾರ, ಚಾಮರಾಜಪೇಟೆ, ಕನ್ನಡ, ಮಂಜುಳ. ಅಭ್ಯಾಸಕ್ಕೆಂದು ಹಾಕಿದ್ದು, ಪಟ್ಟಿಗೆ ಆಮೇಲೆ ಸೇರಿಸಿದರಾಯಿತು ಎಂದುಕೊಂಡೆ. ಅದರ ನಂತರದವರನ್ನು ಕೆಲವು ತಿಂಗಳು ಶ್ರದ್ಧೆಯಿಂದ ಸೇರಿಸಿದೆ. ಪರೀಕ್ಷೆ ಹತ್ತಿರ ಬಂದು ಅರ್ಜಿಗಳು ರಾಶಿ ಬೀಳತೊಡಗಿದಾಗ ಬಿಟ್ಟೆ. ಕೀ ಒಳಗಿದೆಯಲ್ಲ, ಬೇಕಾದಾಗ ನಕ್ಷತ್ರ ಹಾಕಿ ಹುಡುಕಿಕೊಂಡರಾಯಿತು ಎಂಬ ಧೈರ್ಯ. ಸಾರ್‌ಗೆ ಹೇಳಲಿಲ್ಲ. ಅವರು ಕೇಳಿದಾಗ “ಆಯ್ತು ಸಾರ್” ಎನ್ನುತ್ತಿದ್ದೆ.

ಪದವಿಯ ಕೊನೆಯ ಪರೀಕ್ಷೆಗಳು ನಡೆಯುತ್ತಿದ್ದವು. ಅವತ್ತು ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಭಾಗ್ಯ ಫೋನು ಮಾಡಿದಳು. ಮತ್ತಿಕೆರೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹುಡುಗಿ, ಸಾರ್ ಹಾಗೆಯೇ ಹುಟ್ಟಿನಿಂದ ಕಣ್ಣು ಕಾಣದವಳು. ಬಸವನಗುಡಿಯ ಕೇಂದ್ರದಲ್ಲಿ ಇತಿಹಾಸದ ಪರೀಕ್ಷೆ, ಕನ್ನಡದಲ್ಲಿ ಬರೆಯುವುದು. ಅವಳ ಬರಹಗಾರರಿಗೆ ಜ್ವರ ಬಂದು ಎದ್ದು ನಿಲ್ಲಲು ಆಗುತ್ತಿಲ್ಲವೆಂದು ಆಗಷ್ಟೇ ತಿಳಿಸಿದ್ದರು. ಪರೀಕ್ಷೆ ಹತ್ತು ಗಂಟೆಗೆ. ಹತ್ತೂವರೆಯ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಈ ಪತ್ರಿಕೆ ಪಾಸಾದರೆ ಅವಳು ಬಿ.ಎಡ್‌ಗೆ ಅರ್ಜಿ ಹಾಕಬಹುದಿತ್ತು. ಟೀಚರಾಗಬೇಕೆಂಬುದು ಅವಳ ಹಟ.

ನಾನು ಬಸವನಗುಡಿ ಮತ್ತು ಸುತ್ತಲಿನ ಬಡಾವಣೆಗಳ ಪಟ್ಟಿಗಳನ್ನೂ ಕನ್ನಡದ ಪಟ್ಟಿಯನ್ನೂ ಕೇಳಿದೆ. ಬಂದದ್ದು ಐದು ಹೆಸರು, ಐವರೂ ಹಳಬರು, ಐವರೂ ಅವತ್ತು ಬೇರೆ ಬೇರೆ ಕೇಂದ್ರಗಳಲ್ಲಿ ಬರೆಯಲು ಹೋಗಿದ್ದವರು. ಇತ್ತೀಚಿನ ಹೊಸಬರು ಯಾವ ಪಟ್ಟಿಯಲ್ಲೂ ಇರಲಿಲ್ಲ, ನಾನು ಸೇರಿಸಿದ್ದರೆ ತಾನೇ? ನಕ್ಷತ್ರ ಹಾಕಿ ಕೇಳಿದೆ. ಉತ್ತರ ಬರಲಿಲ್ಲ. ಇನ್ನೊಂದು ಸಲ ಕೇಳಿದೆ. ಮೂರನೇ ಸಲವೂ ಕೇಳಿದೆ.

ನಮ್ಮದು ದಾನವಾಗಿ ಬಂದ ಹಳೆಯ ಯಂತ್ರ. ಅದರಲ್ಲಿ ಬರಹಗಾರರ ಕೀಗಳ ಜೊತೆಗೆ ವರ್ಷಾನುಗಟ್ಟಲೆ ಕಳಿಸಿದ ಒಂದೊಂದು ಸಂದೇಶದ್ದೂ, ಒಂದೊಂದು ಜ್ಞಾಪನೆಯದ್ದೂ ಕೀ ಹಾಗೇ ಬಿದ್ದಿತ್ತು. ನನ್ನ ಒಂದು ಪ್ರಶ್ನೆಗೇ ಅದು ಏದುಸಿರು ಬಿಡುತ್ತಿತ್ತು, ಹಿಂದೆ ಇನ್ನೆರಡು ಸಾಲು ನಿಂತವು. ಅದೇ ಹೊತ್ತಿಗೆ ಊರಿನ ಉದ್ದಗಲಕ್ಕೂ ಬರಹಗಾರರು ತಮ್ಮ ಕೊಠಡಿ ಯಾವುದೆಂದು ನೋಡಲು ಫೋನು ತೆರೆಯುತ್ತಿದ್ದರು. ಯಾರಿಗೂ ಏನೂ ಕಾಣಲಿಲ್ಲ. ಆಫೀಸಿನ ಎರಡೂ ಫೋನು ಒಟ್ಟಿಗೆ ಬಡಿದುಕೊಳ್ಳತೊಡಗಿದವು.

“ಏನ್ ಹೊಡ್ದೆ?” ಎಂದರು ಸಾರ್, ಪಕ್ಕದ ಕೋಣೆಯಿಂದಲೇ.

“ಸ್ಟಾರ್ ಹಾಕಿ ಕೇಳ್ದೆ ಸಾರ್.”

“ಎಷ್ಟು ಸಲ?”

“ಮೂರು.”

ಅವರು ಗೋಡೆ ಹಿಡಿದುಕೊಂಡು ಬಂದು ಯಂತ್ರವನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರು. ಅದು ಎದ್ದು ಕೂರಲು ತೆಗೆದುಕೊಂಡ ಹೊತ್ತಿನಲ್ಲಿ ಅವತ್ತಿನ ಕೊಠಡಿಗಳನ್ನು ಮೊದಲೇ ಒತ್ತಿಟ್ಟುಕೊಂಡಿದ್ದ ಬ್ರೈಲ್ ಹಾಳೆಯ ಮೇಲೆ ಬೆರಳಾಡಿಸುತ್ತ ಬಂದ ಕರೆಗಳಿಗೆಲ್ಲ ಕೊಠಡಿ ಸಂಖ್ಯೆ ಹೇಳಿದರು. ಗಡಿಯಾರ ಹತ್ತು ದಾಟಿತು. ಯಂತ್ರ ಎದ್ದ ಮೇಲೆ ಹಿಡಿ ಹಿಡಿಯಾಗಿ ಕೇಳಿದೆವು, ಕನ್ನಡ ಬರೆಯುವವರೆಂದು ಸಿಕ್ಕ ಮೊದಲ ಹೆಸರಿಗೇ ಫೋನು ಹಚ್ಚಿದೆವು. ಶೇಷಾದ್ರಿಪುರಂನ ಗೃಹಿಣಿಯೊಬ್ಬರು, ಒಲೆ ಆರಿಸಿ ಆಟೋ ಹತ್ತಿದರು, ಪಾಪ. ಅವರು ಕೇಂದ್ರದ ಗೇಟು ಮುಟ್ಟಿದಾಗ ಹತ್ತೂ ಮೂವತ್ತೈದು.

ಮಧ್ಯಾಹ್ನ ಭಾಗ್ಯ ಫೋನು ಮಾಡಿದಳು. ಅಳುತ್ತಾಳೆಂದು ಹೆದರಿಕೊಂಡೇ ಎತ್ತಿದೆ. “ಪೂರಕ ಪರೀಕ್ಷೆ ಇದೆಯಂತೆ ಅಕ್ಕ. ಅದ್ರಲ್ಲಿ ಪಾಸಾದ್ರೂ ಬಿ.ಎಡ್‌ಗೆ ಹಾಕ್ಬಹುದು. ನಾನಂತೂ ಪುಸ್ತಕ ಮುಚ್ಚಿಡಲ್ಲ. ಜನ ಹುಡ್ಕೋದು ನಿಮ್ ಕೆಲಸ.” ಅತ್ತದ್ದು ನಾನು, ಫೋನು ಇಟ್ಟ ಮೇಲೆ.

ಮಾರನೆಯ ದಿನ ರಾಜೀನಾಮೆ ಬರೆದುಕೊಂಡು ಹೋದೆ. ಪಟ್ಟಿಯ ವಿಷಯವನ್ನೂ ಬಾಯಿಬಿಟ್ಟು ಹೇಳಿದೆ. ಸಾರ್ ಕಾಗದವನ್ನು ಕೈಗೆ ತೆಗೆದುಕೊಂಡು ಅಂಚು ಸವರಿದರು.

“ನಂಗೂ ಹೀಗೇ ಆಗಿತ್ತು,” ಎಂದರು. “ಡಿಗ್ರೀಲಿ. ಬರ್ಯೋರು ಬರ್ಲಿಲ್ಲ. ನನ್ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿದ್ರು. ಮೂರು ಗಂಟೆ ಹಿಡ್ಕೊಂಡು ಕೂತಿದ್ದೆ. ಒಳ್ಳೆ ಕಾಗದ, ದಪ್ಪಗಿತ್ತು.” ನನ್ನ ಕಾಗದದ ಅಂಚನ್ನು ಮತ್ತೊಮ್ಮೆ ಸವರಿದರು. “ಒಂದ್ ವರ್ಷ ಹೋಯ್ತು. ಆ ಹುಡ್ಗಿಗೆ ಹೋಗ್ಬಾರ್ದು. ಪೂರಕ ಪರೀಕ್ಷೆಗೆ ಏಳು ವಾರ ಇದೆ. ಕೂತ್ಕೋ.” ನನ್ನ ರಾಜೀನಾಮೆಯನ್ನು ನಾಲ್ಕಾಗಿ ಮಡಿಚಿ ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟರು. ಈಗಲೂ ಅದು ಅಲ್ಲೇ ಇದೆ.

ಏಳು ವಾರವೂ ದಿನಾ ಊಟ ಮುಗಿದ ಮೇಲೆ, ಫೋನುಗಳು ಸುಮ್ಮನಾಗುವ ಹೊತ್ತಿಗೆ, ಇಬ್ಬರೂ ಕೂರುತ್ತಿದ್ದೆವು. ಯಂತ್ರವನ್ನು ಒಂದು ಹಿಡಿ ಕೀ ಕೇಳುವುದು, ಅದು ಎಲ್ಲಿಗೆ ನಿಲ್ಲಿಸಿತೆಂಬ ಗುರುತನ್ನು ಇಟ್ಟುಕೊಳ್ಳುವುದು, ಸಂದೇಶಗಳ ಕಸ ಬಂದರೆ ಅದರ ಸಾಲುಸಾಲನ್ನೇ ಅಳಿಸುವುದು, ಬರಹಗಾರರದ್ದು ಬಂದರೆ ಎರಡು ಪಟ್ಟಿಗೂ ಸೇರಿಸುವುದು, ಮತ್ತೆ ಮುಂದಿನ ಹಿಡಿ. ಕಸವನ್ನು ತಾನಾಗಿಯೇ ಗುಡಿಸಲು ಸಾರ್ ಒಂದು ಪ್ರೋಗ್ರಾಮು ಬರೆದಿದ್ದರು. ಆದರೆ ಬರಹಗಾರರ ಒಂದೊಂದು ಹೆಸರನ್ನೂ ತಾವೇ ಕಿವಿಯಾರೆ ಕೇಳಬೇಕೆಂದು ಹಟ ಹಿಡಿದರು. ಇಯರ್‌ಫೋನು ತೆಗೆದು ಸ್ಪೀಕರಿಗೆ ಹಾಕಿದರು, ನಾನೂ ಕೇಳಲಿ ಎಂದು. ಕಂಪ್ಯೂಟರು ನಮ್ಮ ಹೆಸರುಗಳನ್ನು ಪರದೇಶದವರ ಧಾಟಿಯಲ್ಲಿ ಓದುತ್ತಿತ್ತು. ಮೊದಮೊದಲು ನಗುತ್ತಿದ್ದೆ. ಮೂರನೇ ವಾರಕ್ಕೆ ನಗು ನಿಂತಿತು, ಕೆಲಸ ಸಾಗಿತು.

ಐದನೇ ವಾರ ಒಂದು ಮಧ್ಯಾಹ್ನ ಅದು ಓದಿತು: ಬರಹಗಾರ, ಚಾಮರಾಜಪೇಟೆ, ಕನ್ನಡ, ಮಂಜುಳ.

ಭಾಗ್ಯ ಫೋನು ಮಾಡಿದ ದಿನ ಒಂಬತ್ತೂ ಇಪ್ಪತ್ತಕ್ಕೆ ನಾನು ಯಾರನ್ನು ಹುಡುಕುತ್ತಿದ್ದೆ? ಕನ್ನಡ ಬರೆಯುವವರನ್ನು, ಬಸವನಗುಡಿಗೆ ಹತ್ತಿರದವರನ್ನು, ಬೇರೆ ಕೇಂದ್ರಕ್ಕೆ ಹೋಗದವರನ್ನು. ಆಫೀಸಿನಿಂದ ಹತ್ತು ನಿಮಿಷದ ಆಟೋ ದಾರಿ. ಪರದೆಯ ಮುಂದೆ ಕೂತು ನನ್ನನ್ನೇ ನಾನು ಹುಡುಕುತ್ತಿದ್ದೆ! ಅದನ್ನು ಪಟ್ಟಿಗೆ ಸೇರಿಸದೆ ಮುಂದಿನ ಹಿಡಿ ಕೇಳಿದೆ. ಸಾರ್ ತಡೆಯಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಹೀಗೆ ಹಿಡಿ ಹಿಡಿಯಾಗಿ ಕೇಳುವಾಗ, ನಡುವೆ ಕೀಗಳನ್ನು ಅಳಿಸುತ್ತ ಹೋದರೆ, ಒಮ್ಮೊಮ್ಮೆ ಬಂದ ಕೀಯೇ ಮತ್ತೆ ಬರುತ್ತದೆ. ಅರ್ಧ ಗಂಟೆಯ ಮೇಲೆ ಕಂಪ್ಯೂಟರು ಮತ್ತೆ ಓದಿತು: ಬರಹಗಾರ, ಚಾಮರಾಜಪೇಟೆ, ಕನ್ನಡ, ಮಂಜುಳ.

ಸಾರ್ ಕೈ ಎತ್ತಿದರು.

“ನಂಗೂ ಹೊಳೀಲಿಲ್ಲ ಕಣಮ್ಮ,” ಎಂದರು. “ಆವತ್ತು ಸಂಜೆ ಮನೆಗೆ ಹೋಗೋವಾಗ ಬಸ್‌ನಲ್ಲಿ ಹೊಳೀತು. ಇಬ್ರೂ ಮಿಷಿನ್ನನ್ನೇ ಕೇಳ್ತಾ ಕೂತಿದ್ವಿ.”

“ಯಾಕ್ ಸಾರ್ ಹೇಳ್ಲಿಲ್ಲ ನಂಗೆ?”

“ಹೇಳಿದ್ರೆ ನೀನು ಕೆಲಸ ಬಿಟ್ಟು ಹೋಗ್ತಿದ್ದೆ. ಎರಡನೇ ಸಲ ಬಂದಿದೆ, ಪಟ್ಟಿಗೆ ಹಾಕು.”

ಅಳುತ್ತಲೇ ಹಾಕಿದೆ. ಎರಡು ಪಟ್ಟಿಗೂ. ಅವರು ಅಳು ನಿಲ್ಲಿಸೆಂದು ಹೇಳಲಿಲ್ಲ. “ಮುಂದೆ,” ಎಂದರು.

ಪೂರಕ ಪರೀಕ್ಷೆಯ ಹಿಂದಿನ ವಾರ ಕೊನೆಯ ಹಿಡಿ ಬಂತು. ಭಾಗ್ಯಳಿಗಾಗಿ ಪಟ್ಟಿಗಳನ್ನು ಕೇಳಿದೆ. ಬೆರಳು ಎತ್ತುವ ಮೊದಲೇ ಉತ್ತರ ಬಂದಿತ್ತು, ಹದಿನೇಳು ಹೆಸರು. ಯಾರಿಗೆ ಬೇಕಾದರೂ ಫೋನು ಮಾಡಬಹುದಿತ್ತು. ಒಬ್ಬರಿಗೆ ಕೇಂದ್ರದ ಬಾಗಿಲಲ್ಲೇ ಕಾದಿರಲು ಹೇಳಿದೆ, ನಾನು ಬಿದ್ದು ಕಾಲು ಮುರಿದುಕೊಂಡರೂ ಭಾಗ್ಯ ಕಾಯುವಂತಾಗಬಾರದು. ಬರೆಯುವವರ ಜಾಗದಲ್ಲಿ ನನ್ನ ಹೆಸರನ್ನೇ ಹಾಕಿದೆ.

ಪರೀಕ್ಷೆಯ ದಿನ ಬಸವನಗುಡಿಯ ಕೇಂದ್ರಕ್ಕೆ ಒಂಬತ್ತಕ್ಕೇ ಹೋಗಿ ಕೂತಿದ್ದೆ. ಭಾಗ್ಯ ಬಂದಳು, ನನ್ನ ಅಂಗೈ ಮುಟ್ಟಿ ನೋಡಿದಳು. “ಬೆವರಿದೆಯಲ್ಲ ಅಕ್ಕ. ಪರೀಕ್ಷೆ ನಂದು,” ಎಂದು ನಕ್ಕಳು.

ಪ್ರಶ್ನೆ ಓದಿ ಹೇಳಿದೆ. ಅವಳು ಒಂದು ಕ್ಷಣ ಯೋಚಿಸಿ ಶುರು ಮಾಡಿದಳು. ಮೂರು ವಾಕ್ಯ ಹೇಳಿ ನಿಲ್ಲಿಸುತ್ತಿದ್ದಳು, ನನ್ನ ಪೆನ್ನಿನ ಸದ್ದು ನಿಲ್ಲುವ ತನಕ ಕಾಯುತ್ತಿದ್ದಳು. “ಎಲ್ಲೀವರ್ಗೂ ಬಂತು ಅಕ್ಕ?” ಎನ್ನುತ್ತಿದ್ದಳು. ಕೊನೆಯ ಪದ ಓದುತ್ತಿದ್ದೆ. ಅಲ್ಲಿಂದ ಮತ್ತೆ ಮೂರು ವಾಕ್ಯ. ಎರಡು ಕಡೆ ಹೇಳಿದ್ದನ್ನೇ ಮತ್ತೆ ಹೇಳಿದಳು, ನಾನೂ ಮತ್ತೆ ಬರೆದೆ. ಒಂದನ್ನೂ ಬಿಡಲಿಲ್ಲ. ಮೂರು ಗಂಟೆ ಹೀಗೇ ನಡೆಯಿತು. ಕೈ ಸೆಟೆದುಕೊಂಡಿತ್ತು, ನಿಲ್ಲಿಸಲು ಮನಸ್ಸಿರಲಿಲ್ಲ.

ಗಂಟೆ ಹೊಡೆದ ಮೇಲೆ ಇಬ್ಬರೂ ಹೊರಗೆ ಬಂದೆವು. ಗೇಟಿನ ಆಚೆ ಹೊಂಗೆ ಮರದ ಕೆಳಗೆ ಸಾರ್ ನಿಂತಿದ್ದರು, ಕೋಲನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು. ಬೆಳಿಗ್ಗೆ ಹತ್ತರಿಂದಲೂ ಅಲ್ಲೇ ಇದ್ದಾರೆಂದು ಕಾವಲುಗಾರ ಹೇಳಿದ. ನಮ್ಮ ಹೆಜ್ಜೆಯ ಸದ್ದಿಗೇ ಮುಖ ಇತ್ತ ತಿರುಗಿತು.

“ಏನಾಯ್ತಮ್ಮ?”

“ಎಲ್ಲಾ ಬರೆದ್ವಿ ಸಾರ್,” ಎಂದಳು ಭಾಗ್ಯ.

ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ. ಅದು ಮೇಲೇಳಲಿಲ್ಲ.

“ಇನ್ನೊಂದ್ಸಲ ಹೇಳು,” ಎಂದರು ಸಾರ್.